ಸೋಲಾರಿನ ಹಣೆಗೆ ತಿಲಕ

ಊರಿಗೆಲ್ಲ ಅಜ್ಜಿಯಾದ ನಂದಕಲಾ ಬಜೈ ನಮ್ಮ ಕಣ್ಣೆದುರೇ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದರೆ, ಅವರ ಮಗ ದಂಬರ ಮಲೇಷ್ಯಾದಲ್ಲಿ ತಲೆ ಬೋಳಿಸಿಕೊಂಡು ಅವರ ಸೂತಕಕ್ಕೆ ಕೂತಿದ್ದ. ಭೂಕಂಪದಲ್ಲಿ ನಮ್ಮ ಗುಡ್ಡದ ಮೇಲೆ ಒಬ್ಬರೂ ಉಳಿದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿಬಿಟ್ಟಿದ್ದ. ಇನ್ನು ಯಾರಿಗಾಗಿ ನೇಪಾಳಕ್ಕೆ ಬರಲಿ, ಇಲ್ಲೇ ಎಲ್ಲೋ ಸಾಯುತ್ತೇನೆ ಎನ್ನುತ್ತಿದ್ದಾನಂತೆ. ಪೇಟೆಯಿಂದ ಹತ್ತಿಬಂದ ಒಬ್ಬ ಈ ಸುದ್ದಿ ತಂದ. ಅವನ ಬೆನ್ನಿಗೇ ದಾರಿ ಕುಸಿಯಿತು. ಸಿಗ್ನಲ್ ಇತ್ತು, ಕರೆಂಟ್ ಇರಲಿಲ್ಲ. ದಂಬರನ ನಂಬರ್ ಇದ್ದದ್ದು ಬಜೈಯ ಸತ್ತ ಫೋನಿನೊಳಗೆ.

ಕೊನೆಗೆ ಹೆಲಿಕಾಪ್ಟರ್ ಅಕ್ಕಿ ಮೂಟೆಗಳ ಜೊತೆ ಒಂದು ಸೋಲಾರ್ ಚಾರ್ಜರ್ ಇಳಿಸಿತು, ಪುಸ್ತಕದಂತೆ ಮಡಚುವಂಥದ್ದು. ಊರವರು ಅದನ್ನು ನನಗೆ ಒಪ್ಪಿಸಿದರು. ಗೋಮಾ ಎಂಬ ಈ ನನ್ನ ಬಾಯಿಗೆ ಹೆದರಿ ಯಾರೂ ಸರದಿ ಮುರಿಯುವುದಿಲ್ಲ ಎಂಬ ಲೆಕ್ಕಾಚಾರ. ಮೊದಲ ಸರದಿ ಬಜೈಯದು ಎಂದೆ. ಎಲ್ಲರೂ ಒಪ್ಪಿದರು. ಬೆಳಿಗ್ಗೆ, ಭೂಕಂಪಕ್ಕೆ ಬಿದ್ದ ಮನೆಯ ತಗಡಿನ ಮೇಲೆ ಅದನ್ನು ಬಿಡಿಸಿಟ್ಟು, ಫೋನ್ ಸಿಕ್ಕಿಸಿ, ಅವರನ್ನೇ ಕಾವಲಿಗೆ ಕೂರಿಸಿ ನೀರು ತರಲು ಹೋದೆ.

ಮಧ್ಯಾಹ್ನ ಬಂದು ನೋಡಿದರೆ ಫೋನ್ ಇನ್ನೂ ಸತ್ತೇ ಇದೆ. ಸೋಲಾರ್ ತುಂಬ ಮೊಸರು, ಅಕ್ಕಿ, ಕುಂಕುಮ ಕಲಸಿದ ತಿಲಕ ದಪ್ಪಗೆ ಮೆತ್ತಿಕೊಂಡು ಒಣಗಿತ್ತು. ಮೇಲೆ ಹೂಮಾಲೆ ಬೇರೆ.

"ಯಾರು ಮಾಡಿದ್ದು ಇದನ್ನ?"

"ನಾನೇ," ಎಂದರು ಬಜೈ, ಬೀಗುತ್ತಾ. "ಊರಿಗೆ ಹೊಸಾದು ಬಂದಿದೆ. ಬರೀ ಹಣೇಲಿ ಕೂರಿಸ್ತಾರೇನೇ?"

"ಬಿಸಿಲು ಬೀಳ್ಬೇಕಾದ್ದು ಅದರ ಮೇಲೆ ಬಜೈ! ಒರೆಸ್ತೀನಿ ಬಿಡಿ."

"ಇಟ್ಟ ತಿಲಕ ಒರೆಸ್ತಾಳಂತೆ! ಭೂಮಿ ನಡುಗಿದ್ದು ಸಾಲ್ದೇನೇ ನಿಂಗೆ?"

ನನಗೆ ಪಿತ್ತ ನೆತ್ತಿಗೇರಿತು. "ಅಲ್ಲಿ ನಿಮ್ಮ ಮಗ ಬದುಕಿರೋ ನಿಮಗೆ ಪಿಂಡ ಇಡ್ತಿದ್ದಾನೆ! ತಿಲಕ ಬೇಕೋ, ಮಗ ಬೇಕೋ?"

ಹಾಗೆ ಅನ್ನಬಾರದಿತ್ತು. ಬಜೈ ಸೊಂಟಕ್ಕೆ ಪಟ್ಟಿಯಂತೆ ಸುತ್ತಿದ್ದ ಬಟ್ಟೆ ಬಿಚ್ಚಿ, ನನ್ನ ಕೊಡದ ನೀರಲ್ಲಿ ಅದ್ದಿ, ತಾವೇ ಒರೆಸತೊಡಗಿದರು. ಒಂದೊಂದು ಅಕ್ಕಿಕಾಳನ್ನೂ ಉಗುರಿನಿಂದ ಕಿತ್ತು, ಕೊನೆಗೆ ಸೋಲಾರಿಗೆ ಕೈಮುಗಿದು ತಪ್ಪಾಯಿತು ಎಂದರು.

ಮೋಡ ಕವಿಯುವಷ್ಟರಲ್ಲಿ ಫೋನಿಗೆ ಚೂರು ಜೀವ ಬಂತು. ತಮ್ಮ ತಮ್ಮ ಫೋನ್ ಹಿಡಿದು ಕಾಯುತ್ತಿದ್ದವರೆಲ್ಲ ಸುತ್ತ ನೆರೆದರು. ನಾನೇ ದಂಬರನಿಗೆ ಕರೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಜೋರು ಮಾಡಿ, ಬಜೈಯ ಕೈಗೆ ಕೊಟ್ಟೆ.

"ದಂಬರಾ..."

ಅತ್ತ ಕಡೆಯಿಂದ ನಡುಗುವ ದನಿ: "ಯಾರು? ನಮ್ಮಮ್ಮ ಹೋಗ್ಬಿಟ್ರು."

"ಎಲ್ಲಿಗೋ ಹೋದ್ಲು? ಎಮ್ಮೆ ಹಾಲು ಯಾರು ಕರೀತಾರೋ? ಸಾಯೋಕೂ ಪುರುಸೊತ್ತಿಲ್ಲ ಕಣೋ ನಂಗೆ!"

ದಂಬರ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಬಜೈ ಅಳಲಿಲ್ಲ. "ಊಟ ಮಾಡಿದ್ಯಾ?" ಎಂದರು.

"ಒಂದೇ ಹೊತ್ತು ಅಮ್ಮ. ಉಪ್ಪಿಲ್ದೇ. ನೀನು ಹೋದೆ ಅಂತ..."

"ಏಳು. ಅನ್ನ ಬಡಿಸ್ಕೋ, ಉಪ್ಪು ಹಾಕ್ಕೋ. ಫೋನ್ ಇಡ್ಬೇಡ. ನೀನು ತಿನ್ನೋದು ನಂಗೆ ಕೇಳಿಸ್ಬೇಕು."

ಅಲ್ಲಿ ಡಬ್ಬಿಯ ಮುಚ್ಚಳ ತೆರೆದ ಸದ್ದು, ತಟ್ಟೆಯ ಸದ್ದು. ಆಮೇಲೆ ಅಳುತ್ತಳುತ್ತಲೇ ತುತ್ತು ಅಗಿಯುವ ಸದ್ದು. ಬಜೈ ಕಣ್ಣು ಮುಚ್ಚಿ ಕೇಳುತ್ತಾ ಕೂತರು. ಅವನು ಉಂಡು ಮುಗಿಸುವ ತನಕ ನಮ್ಮಲ್ಲಿ ಒಬ್ಬರೂ ತಮ್ಮ ಸರದಿ ಕೇಳಲಿಲ್ಲ.