ಹಳ್ಳದ ದಂಡೆಯ ಗೇಟು

ದೊಡ್ಡಕ್ಕನ ಬೆರಳ ಸಂದುಗಳು ವರ್ಷದ ಹನ್ನೆರಡು ತಿಂಗಳೂ ಬಿರುಕು ಬಿಟ್ಟೇ ಇರುತ್ತಿದ್ದವು. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸೋಡಾ ನೀರಿಗೆ ಕೈ ಅದ್ದಿದವಳು ಅವಳು. ರಕ್ತದ ಚಾದರ ಯಾವುದು, ಔಷಧಿ ಚೆಲ್ಲಿದ ಚಾದರ ಯಾವುದು ಎಂದು ಕಣ್ಣು ಮುಚ್ಚಿಕೊಂಡು ವಾಸನೆಯಲ್ಲೇ ಬೇರೆ ಮಾಡುತ್ತಿದ್ದಳು. ಪಾಳಿ ಬೆಳಗಿನ ಐದಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತಿತ್ತು. ಐದು ಗಂಟೆ ಮೇಲೆ ಐದು ನಿಮಿಷವಾದರೆ ಬಾಗಿಲಲ್ಲಿ ಕೂತ ಮೇಲ್ವಿಚಾರಕ ತಲೆ ಎತ್ತದೆ ‘ಅರ್ಧ ದಿನ’ ಎಂದು ಗೀಚಿಬಿಡುತ್ತಿದ್ದ.

ಅವಳ ಮನೆಯಿದ್ದದ್ದು ಹಳ್ಳದ ಈಚೆ ದಡದ ಸಾಲಿನಲ್ಲಿ. ನಲವತ್ತು ಮನೆ, ಎರಡು ನಲ್ಲಿ. ಮನೆಗೊಬ್ಬರೋ ಇಬ್ಬರೋ ಹೆಂಗಸರೆಲ್ಲ ಅದೇ ಕಾರ್ಖಾನೆಗೆ ಹೋಗುವವರು. ಹಳ್ಳದ ದಂಡೆ ಹಿಡಿದು ನಡೆದರೆ ಕಾರ್ಖಾನೆ ಹದಿನೈದು ನಿಮಿಷ. ದೊಡ್ಡ ರಸ್ತೆ ಹಿಡಿದು ಸೇತುವೆ ಸುತ್ತಿ ಬಂದರೆ ಒಂದು ಗಂಟೆಗೆ ಕಡಿಮೆಯಿಲ್ಲ.

ಆ ದಂಡೆಯ ದಾರಿಯನ್ನು ಯಾರೂ ಮಾಡಿಕೊಟ್ಟಿರಲಿಲ್ಲ. ದೊಡ್ಡಕ್ಕ ಮದುವೆಯಾಗಿ ಬಂದ ವರ್ಷ ಅಲ್ಲಿ ಎದೆಯೆತ್ತರ ಮುಳ್ಳುಕಂಟಿ ಇತ್ತು. ಹೆಂಗಸರು ಕುಡುಗೋಲು ಹಿಡಿದು ಕಡಿದರು. ಕೆಸರಾಗುವ ಕಡೆ ಬಾಯ್ಲರಿನ ಬೂದಿ, ಸುಟ್ಟ ಕಲ್ಲಿದ್ದಲಿನ ಚೂರು ಸುರಿದರು. ಪಾಳಿ ಮುಗಿಸಿ ಬರುವಾಗ ತಲೆಯ ಮೇಲೆ ಒಂದೊಂದು ಬುಟ್ಟಿ ಬೂದಿ. ಹಾಗೆ ಎರಡು ವರ್ಷ ಹೊತ್ತು ತಂದಿದ್ದರು. ಅದಕ್ಕೊಂದು ಹೆಸರು ಇರಲಿಲ್ಲ. ದಾರಿ ಅಂದರೆ ಅದೇ ದಾರಿ.

ಒಂದು ದಿನ ಆ ದಾರಿಯಲ್ಲಿ ನಗರಸಭೆಯವರು ಟೇಪು ಹಿಡಿದುಕೊಂಡು ಬಂದರು. ಒಬ್ಬ ಹುಡುಗಿ ಮಡಚುವ ಕುರ್ಚಿ ಹಾಕಿಕೊಂಡು ಮೂರು ದಿನ ಅತ್ತಿ ಮರದ ನೆರಳಲ್ಲಿ ಕೂತು ಏನೋ ಬರೆದುಕೊಂಡು ಹೋದಳು. ಹೆಂಗಸರೆಲ್ಲ ಕಾರ್ಖಾನೆಯಲ್ಲಿದ್ದ ಹೊತ್ತು ಅದು. ಮನೆಯಲ್ಲಿದ್ದ ಮುದುಕರು ಹೇಳಿದ್ದರಿಂದ ಅಷ್ಟು ಗೊತ್ತಾಯಿತು. ಆಮೇಲೆ ವಾರ್ಡಿನ ಸದಸ್ಯರು ತಾವಾಗಿಯೇ ದೊಡ್ಡಕ್ಕನ ಮನೆ ಬಾಗಿಲಿಗೆ ಬಂದರು. ಚುನಾವಣೆ ಇಲ್ಲದ ಕಾಲದಲ್ಲಿ ಅವರು ಸಾಲಿಗೆ ಬಂದದ್ದೇ ಒಂದು ಸುದ್ದಿ.

“ಅಕ್ಕಾ, ನಿಮ್ಮ ದಾರಿಗೆ ಅದೃಷ್ಟ ಖುಲಾಯಿಸ್ತು. ಉದ್ಯಾನ ನಿಧಿ ಅಂತ ಒಂದಿದೆ. ಮೇಲಿನಿಂದ ಬರುತ್ತೆ. ಅದರಲ್ಲಿ ಹಳ್ಳದ ದಂಡೆ ಉದ್ದಕ್ಕೂ ನಡಿಗೆ ಪಥ ಮಾಡ್ತೀವಿ. ಕಲ್ಲು ಹಾಸ್ತೀವಿ, ದೀಪ ಹಾಕ್ತೀವಿ, ಕೂರೋಕೆ ಬೆಂಚು ಹಾಕ್ತೀವಿ.”

“ದೀಪಾನಾ?” ಎಂದಳು ದೊಡ್ಡಕ್ಕ.

“ಇಪ್ಪತ್ತು ಹೆಜ್ಜೆಗೊಂದು. ಶಾಲೆ ಹಾಲ್‌ನಲ್ಲಿ ಭಾನುವಾರ ಸಭೆ ಇದೆ. ನಿಮ್ಮ ಸಾಲಿನವರನ್ನೆಲ್ಲ ಕರ್ಕೊಂಡು ಬನ್ನಿ. ಜನ ಬಂದಿದ್ರು ಅಂತ ತೋರಿಸಬೇಕು, ಅಷ್ಟೇ.”

ದೀಪ ಎಂದ ಮಾತು ಅವಳ ತಲೆ ಹೊಕ್ಕಿತ್ತು. ಹೋದ ಮಳೆಗಾಲದಲ್ಲಿ ಇಬ್ಬರು ಹೆಂಗಸರು ಕತ್ತಲಲ್ಲಿ ಹಾವು ತುಳಿದಿದ್ದರು. ಅವಳು ಮನೆಮನೆಗೆ ಹೋಗಿ ಕರೆದಳು. ‘ಪಟಾಕಿ’ ಎಂದು ಎಲ್ಲರೂ ಕರೆಯುತ್ತಿದ್ದ ಬಾಯಿಬಡುಕಿಯೊಬ್ಬಳು ಮಾತ್ರ ತಕರಾರು ತೆಗೆದಳು.

“ಇಷ್ಟು ವರ್ಷ ಒಂದು ಹಿಡಿ ಮಣ್ಣು ಹಾಕದವರು ಈಗ ಕಲ್ಲು ಹಾಸ್ತಾರಂತಾ? ನನಗ್ಯಾಕೋ ಸರಿ ಕಾಣ್ತಿಲ್ಲ.”

“ನಿನಗೆ ಯಾವುದು ಸರಿ ಕಂಡಿದೆ ಹೇಳು. ಸುಮ್ನೆ ಬಾ. ನಾನಿದ್ದೀನಲ್ಲ.”

ನಾನಿದ್ದೀನಲ್ಲ ಎಂಬ ಮಾತಿಗೆ ಸಾಲಿನಲ್ಲಿ ಬೆಲೆ ಇತ್ತು. ಭಾನುವಾರ ನಲವತ್ಮೂರು ಜನ ಹೋದರು. ಗೋಡೆಯ ಮೇಲೆ ದೊಡ್ಡ ಚಿತ್ರ ಹಾಕಿದ್ದರು. ಹಸಿರು ಮರ, ಬಿಳಿ ಬೆಂಚು, ನಾಯಿ ಹಿಡಿದು ಓಡುವ ಗಂಡಸರು. ಚಿತ್ರದಲ್ಲಿ ಬುಟ್ಟಿ ಹೊತ್ತವರು ಒಬ್ಬರೂ ಇರಲಿಲ್ಲ. ದೊಡ್ಡಕ್ಕ ಅದನ್ನು ಆಗ ಗಮನಿಸಲಿಲ್ಲ. ಟೀ ಕೊಟ್ಟರು. ಹೊರಡುವಾಗ ಒಂದು ಹಾಳೆ ಮುಂದಿಟ್ಟು, “ಬಂದಿದ್ದಕ್ಕೊಂದು ಗುರುತು” ಎಂದು ಸಹಿ ಹಾಕಿಸಿಕೊಂಡರು. ಸಹಿ ಬಾರದವರ ಹೆಬ್ಬೆರಳನ್ನು ದೊಡ್ಡಕ್ಕನೇ ಹಿಡಿದು ಒತ್ತಿಸಿದಳು.

ಏಳು ತಿಂಗಳಲ್ಲಿ ಪಥ ಆಯಿತು. ನಿಜಕ್ಕೂ ಚೆನ್ನಾಗಿಯೇ ಆಯಿತು. ಕೆಂಪು ಕಲ್ಲು, ಎರಡೂ ಪಕ್ಕ ಹುಲ್ಲು. ದೀಪ ಹೊತ್ತಿದ ಮೊದಲ ಬೆಳಗು ಹೆಂಗಸರು ಪಾಳಿಗೆ ಹೋಗುತ್ತ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ದೊಡ್ಡಕ್ಕನ ನಾದಿನಿ, ಗಂಡನನ್ನು ಬಿಟ್ಟು ಬಂದು ಅಣ್ಣನ ಮನೆಯಲ್ಲೇ ಇದ್ದವಳು, ಒಂದು ಬೆಂಚಿನ ಮೇಲೆ ಒಂದೇ ನಿಮಿಷ ಕೂತು ಎದ್ದಳು.

“ಅತ್ತಿಗೆ, ಇದು ನಮ್ಮದೇ ಅಂತೀಯಾ?”

“ಮತ್ಯಾರದ್ದೇ? ನಡಿ, ಹೊತ್ತಾಯ್ತು.”

ಉದ್ಘಾಟನೆ ಆದ ಮರುವಾರ ಎರಡೂ ತುದಿಗೆ ಕಬ್ಬಿಣದ ಕಂಬ ನಿಲ್ಲಿಸಿ, ಯಾರೂ ನುಸುಳದಂತೆ ಒತ್ತೊತ್ತಾಗಿ ಸರಪಳಿ ಎಳೆದು ಬೀಗ ಹಾಕಿದರು. ಎರಡೂ ಪಕ್ಕ ಮುಳ್ಳುತಂತಿ. ಒಂದು ಬೋರ್ಡು. ಪಟಾಕಿಯ ಮಗಳು ಓದಿ ಹೇಳಿದಳು: ಬೆಳಿಗ್ಗೆ ಏಳರಿಂದ ಹತ್ತು, ಸಂಜೆ ನಾಲ್ಕರಿಂದ ಏಳು. ಹೊರೆ, ಬುಟ್ಟಿ, ಗಂಟು ಹೊತ್ತವರಿಗೆ ಪ್ರವೇಶವಿಲ್ಲ.

ಮೊದಲ ದಿನ ಎಲ್ಲರೂ ಸೇತುವೆ ಸುತ್ತಿದರು. ಎಲ್ಲರಿಗೂ ಅರ್ಧ ದಿನದ ಕೂಲಿ ಹೋಯಿತು. ಎರಡನೇ ದಿನದಿಂದ ಮೂರು ಗಂಟೆಗೇ ಎದ್ದು ಹೊರಟರು. ನಾಲ್ಕನೇ ದಿನ ನಾದಿನಿಗೆ ಜ್ವರ ಇತ್ತು, ಏಳುವುದು ತಡವಾಯಿತು. ಸೇತುವೆ ಸುತ್ತಿದರೆ ಆಗುವುದಿಲ್ಲವೆಂದು ತಂತಿಯ ಹೊರಗೆ, ಹಳ್ಳದ ಇಳಿಜಾರಿನಲ್ಲಿ, ಬೇರು ಹಿಡಿದುಕೊಂಡು ದಾಟಲು ಹೋದಳು. ಮಣ್ಣು ಜಾರಿತು. ಕೆಳಗೆ ಕಲ್ಲು.

ಹಿಮ್ಮಡಿಯ ಮೇಲಿನ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಮಲಗಿಸಿದಾಗ ಅವಳು ನೋವಿನಲ್ಲೂ ಹಾಸಿಗೆಯ ಚಾದರ ಎಳೆದು ನೋಡಿದಳು. “ಅತ್ತಿಗೆ, ಇದರ ಕಲೆ ಸರಿಯಾಗಿ ಹೋಗಿಲ್ಲ ನೋಡು. ಯಾರ ಕೈಯದೋ,” ಎಂದಳು. ದೊಡ್ಡಕ್ಕ ಮುಖ ಆಚೆ ತಿರುಗಿಸಿಕೊಂಡಳು. ಹತ್ತು ದಿನ ಬರಲಿಲ್ಲ ಎಂದು ಕಾರ್ಖಾನೆಯವರು ನಾದಿನಿಯ ಹೆಸರು ಹೊಡೆದು ಹಾಕಿದರು.

ದೊಡ್ಡಕ್ಕ ನಗರಸಭೆಗೆ ಹೋದಳು. ಜೊತೆಗೆ ಪಟಾಕಿ. ಉದ್ಯಾನ ವಿಭಾಗದ ಗುಮಾಸ್ತ ಒಳ್ಳೆಯವನೇ. ಕೂರಿಸಿದ, ನೀರು ಕೊಟ್ಟ, ಕಡತ ತೆಗೆದ.

“ನೋಡಿಯಮ್ಮ, ಈ ನಿಧಿ ಸುಮ್ನೆ ಬರೋದಲ್ಲ. ಉಪಯೋಗದಲ್ಲಿಲ್ಲದ ಜಾಗ ಆಗಿರಬೇಕು. ನಿಮ್ಮದು ಉಪಯೋಗದಲ್ಲಿರಲಿಲ್ಲ.”

“ಯಾವುದು?”

“ಹಳ್ಳದ ದಂಡೆ.”

“ಇಪ್ಪತ್ತಾರು ವರ್ಷದಿಂದ ನಾನು ಅಲ್ಲೇ ನಡೀತಿದ್ದೀನಿ ಸ್ವಾಮಿ.”

“ಇರಬಹುದು. ಎಣಿಕೆಯಲ್ಲಿ ಬಂದಿಲ್ಲ.” ಅವನು ಬೆರಳಿಟ್ಟು ಓದಿದ. “ಪಾದಚಾರಿಗಳ ಎಣಿಕೆ, ಮೂರು ದಿನ, ಬೆಳಿಗ್ಗೆ ಹತ್ತರಿಂದ ಹನ್ನೆರಡು. ಓಡಾಡಿದವರು ಒಟ್ಟು ನಾಲ್ಕು. ಅದರಲ್ಲೂ ಒಬ್ಬರು ಕಳೆದುಹೋದ ಆಡು ಹುಡುಕಿಕೊಂಡು ಬಂದವರು ಅಂತ ಷರಾ ಇದೆ.”

“ಹತ್ತು ಗಂಟೆಗೆ ನಾವು ಕಾರ್ಖಾನೇಲಿ ಚಾದರ ಹಿಂಡ್ತಿರ್ತೀವಿ,” ಎಂದಳು ಪಟಾಕಿ. “ಕೋಳಿ ಕೂಗೋ ಮುಂಚೆ ಬಂದು ಎಣಿಸಿ ಅಂತ ಆ ಹುಡುಗಿಗೆ ಯಾರೂ ಹೇಳಲಿಲ್ವಾ?”

“ಅವಳಿಗೆ ಕೊಟ್ಟ ಹೊತ್ತು ಅದು. ಅವಳೇನು ಮಾಡ್ತಾಳೆ?”

“ಯಾರು ಕೊಟ್ಟಿದ್ದು?”

ಗುಮಾಸ್ತ ಹಾಳೆ ಮಗುಚಿದ. “ಹಳ್ಳದಾಚೆ ಹೊಸ ಬಡಾವಣೆಯವರು ಅರ್ಜಿ ಕೊಟ್ಟಿದ್ದಾರೆ. ಬೆಳಕು ಹರಿಯೋ ಮುಂಚೆ ಯಾರ್ಯಾರೋ ಓಡಾಡ್ತಾರೆ, ಭದ್ರತೆ ಬೇಕು ಅಂತ. ಅದಕ್ಕೇ ಬೇಲಿ, ಗೇಟು. ಎರಡನೇ ಕಂತು ಬಂದ ಮೇಲೆ ಗಟ್ಟಿ ಗೇಟೇ ಕೂರುತ್ತೆ.”

“ತಡೀರಿ,” ಎಂದಳು ದೊಡ್ಡಕ್ಕ. “ಎಣಿಸೋವಾಗ ಅಲ್ಲಿ ಯಾರೂ ಓಡಾಡಲ್ಲ. ಬೇಲಿ ಹಾಕೋವಾಗ ಯಾರ್ಯಾರೋ ಓಡಾಡ್ತಾರೆ. ಎರಡೂ ಒಂದೇ ಕಡತದಲ್ಲಿದೆಯಾ?”

ಗುಮಾಸ್ತ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಮೆಲ್ಲಗೆ, “ಅಮ್ಮ, ನಾನು ಬರೆದಿದ್ದಲ್ಲ ಇದು. ಆದ್ರೆ ನೀವೆಲ್ಲ ಒಪ್ಪಿಗೆ ಕೊಟ್ಟಿದ್ದೀರಲ್ಲ,” ಎಂದು ಒಂದು ಹಾಳೆ ತಿರುಗಿಸಿ ತೋರಿಸಿದ. ಮೇಲೆ ಟೈಪು ಮಾಡಿದ ನಾಲ್ಕು ಸಾಲು: ಸ್ಥಳೀಯ ನಿವಾಸಿಗಳು ಯೋಜನೆಗೂ ಅದರ ನಿಯಮಗಳಿಗೂ ಒಪ್ಪಿರುತ್ತಾರೆ. ಕೆಳಗೆ ನಲವತ್ಮೂರು ಗುರುತು.

ಸಹಿ ಹಾಕುವಾಗ ಆ ನಾಲ್ಕು ಸಾಲು ಅಲ್ಲಿ ಇರಲಿಲ್ಲ. ಮೇಲೆ ಖಾಲಿ ಬಿಟ್ಟಿದ್ದರು. ದೊಡ್ಡಕ್ಕ ಆ ಹೆಬ್ಬೆಟ್ಟಿನ ಗುರುತುಗಳನ್ನು ನೋಡಿದಳು. ನಾದಿನಿಯದೂ ಅದರಲ್ಲಿತ್ತು, ಒತ್ತುವಾಗ ಕೈ ಜಾರಿ ಸ್ವಲ್ಪ ಸೊಟ್ಟಗಾಗಿತ್ತು. ಒತ್ತಿಸಿದ್ದು ತಾನೇ.

ವಾಪಸು ಬರುವಾಗ ಪಟಾಕಿ ಮುಂದೆ ಮುಂದೆ ನಡೆದಳು. ನಾನು ಆಗಲೇ ಹೇಳಿದ್ದೆ ಎಂದು ಅವಳು ಒಂದು ಮಾತು ಅಂದಿದ್ದರೂ ದೊಡ್ಡಕ್ಕನಿಗೆ ಹಗುರಾಗುತ್ತಿತ್ತು. ಅನ್ನಲಿಲ್ಲ.

ದೊಡ್ಡಕ್ಕ ಸದಸ್ಯರ ಮನೆಗೆ ಮೂರು ಸಲ ಹೋದಳು. ಎರಡು ಸಲ ಇಲ್ಲ ಎನ್ನಿಸಿದರು. ಮೂರನೇ ಸಲ ಕಾರು ಹತ್ತುತ್ತ, “ಊರಿಗೆ ಒಳ್ಳೇದಾಗೋವಾಗ ನಾಲ್ಕು ಜನಕ್ಕೆ ಸ್ವಲ್ಪ ತೊಂದರೆ ಆಗುತ್ತಕ್ಕ, ಸಹಿಸ್ಕೋಬೇಕು,” ಎಂದರು. ಆ ನಾಲ್ಕು ಎಂಬ ಲೆಕ್ಕ ಅವರ ಬಾಯಿಗೆ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು.

ಎರಡನೇ ಕಂತು ಬಂತು. ಒಂದು ಮಂಗಳವಾರ ಮಧ್ಯಾಹ್ನ ಪಾಳಿ ಮುಗಿಸಿ ಸೇತುವೆ ಸುತ್ತಿ ಬರುವಷ್ಟರಲ್ಲಿ ಕೆಲಸ ಮುಗಿಯುವವರೆಗೆಂದು ಪಥ ಪೂರ್ತಿ ಮುಚ್ಚಿ, ಈಚೆ ತುದಿಯಲ್ಲಿ ಸೊಂಟದಾಳದ ಎರಡು ಗುಂಡಿ ತೋಡಿದ್ದರು. ಪಕ್ಕದಲ್ಲಿ ಆಳೆತ್ತರದ ಗೇಟು ಮಲಗಿತ್ತು. ಊರುಗೋಲು ಹಿಡಿದು ಮನೆ ಮುಂದೆ ಕೂತಿದ್ದ ನಾದಿನಿ, “ನಾಳೆ ಎಂಟು ಗಂಟೆಗೆ ಕಾಂಕ್ರೀಟು ಅಂತೆ. ನೀವೆಲ್ಲ ಕೆಲಸಕ್ಕೆ ಹೋಗಿರ್ತೀರಲ್ಲ,” ಎಂದಳು.

ಸಂಜೆ ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ಹೆಂಗಸರು ದೊಡ್ಡಕ್ಕನ ಮುಖ ನೋಡಿದರು.

“ಏನು ಮಾಡೋಣ ಹೇಳು.”

“ನಾನು ನಾಳೆ ಪಾಳಿಗೆ ಹೋಗಲ್ಲ,” ಎಂದಳು ಅವಳು. “ನೀವು ಹೋಗಿ ಅಂತಲೂ ಅನ್ನಲ್ಲ, ಬನ್ನಿ ಅಂತಲೂ ಅನ್ನಲ್ಲ. ಹೋದ ಸಲ ಅಂದು ನೋಡಿದ್ದಾಗಿದೆ.”

ಒಂದು ದಿನ ಬಿಟ್ಟರೆ ಒಂದು ದಿನದ ಕೂಲಿ ಮಾತ್ರ ಹೋಗುವುದಿಲ್ಲ, ಹೆಸರೇ ಹೋಗಬಹುದು ಎಂದು ಎಲ್ಲರಿಗೂ ಗೊತ್ತಿತ್ತು. ಕೊಡ ತುಂಬಿದವರು ತುಂಬಿದ ಹಾಗೆ ಎತ್ತಿಕೊಂಡು ಹೋದರು.

ಬೆಳಗಿನ ಜಾವ ದೊಡ್ಡಕ್ಕ ಒಲೆಯ ಮುಂದೆ ಕೂತು ಸಾಲಿನ ಬಾಗಿಲುಗಳು ತೆರೆಯುವ ಸದ್ದು ಕೇಳಿದಳು. ಚಪ್ಪಲಿ ಸದ್ದು ಸೇತುವೆಯ ಕಡೆ ಹೋಯಿತು. ಎಷ್ಟು ಜನ ಹೋದರೆಂದು ಅವಳು ಎದ್ದು ನೋಡಲಿಲ್ಲ.

ಎಂಟಕ್ಕೆ ಮೇಸ್ತ್ರಿ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಮರಳು, ಜಲ್ಲಿ, ಸಿಮೆಂಟು ಸುರಿದು ತಗಡಿನ ಮೇಲೆ ಕಲಸಲು ಶುರು ಮಾಡಿದ. ದೊಡ್ಡಕ್ಕ ಬಂದಳು. ಚಪ್ಪಲಿ ಬಿಟ್ಟಳು. ಗುಂಡಿಯ ಅಂಚಿನಲ್ಲಿ ಕೂತು ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಳಿಸಿ ಒಳಗೆ ನಿಂತಳು. ಮಣ್ಣು ಅವಳ ಸೊಂಟದವರೆಗೆ ಬಂತು.

“ಅಮ್ಮ, ಏನಿದು? ಮೇಲೆ ಬನ್ನಿ.”

“ನೀನು ನಿನ್ನ ಕೆಲಸ ಮಾಡಪ್ಪ. ಸುರಿ.”

“ಹೇಗೆ ಸುರೀಲಿ? ನೀವಿದ್ದೀರಲ್ಲ.”

“ಯಾರೂ ಇಲ್ಲ ಅಂತ ಬರೆದಿದ್ದಾರೆ ನಗರಸಭೇಲಿ. ಹೋಗಿ ಕೇಳ್ಕೊಂಡು ಬಾ.”

ಮೇಸ್ತ್ರಿಗೆ ನಗು ಬಂದಂತಾಗಿ, ಬರಲಿಲ್ಲ. ಗುತ್ತಿಗೆದಾರನಿಗೆ ಫೋನು ಮಾಡಿದ. ಗುತ್ತಿಗೆದಾರ ಸದಸ್ಯರಿಗೆ ಮಾಡಿದ. ಅರ್ಧ ಗಂಟೆಯಲ್ಲಿ ಸದಸ್ಯರ ಕಾರು ಬಂತು. ಅವರು ಇಳಿದು ಬರುವ ಹೊತ್ತಿಗೆ ಸೇತುವೆಯ ಕಡೆಯಿಂದ ಪಟಾಕಿ ಬರುತ್ತಿದ್ದಳು. ಹಿಂದೆ ಆರೇಳು ಜನ. ಕಾರ್ಖಾನೆಯ ನೀಲಿ ಅಂಗಿಯಲ್ಲೇ ಇದ್ದರು, ತೋಳು ಇನ್ನೂ ಪೂರ್ತಿ ಆರಿರಲಿಲ್ಲ. ಕೆಲಸದ ನಡುವೆ ಎದ್ದು ಬಂದಿದ್ದರು.

“ಅರ್ಧ ದಿನ ಬರ್ಕೊಳ್ಳಿ ಅಂತ ಹೇಳಿಯೇ ಬಂದೆ,” ಎಂದಳು ಪಟಾಕಿ, ಯಾರಿಗೋ ಎಂಬಂತೆ. ಎರಡನೇ ಗುಂಡಿಗೆ ಇಳಿದಳು. ಉಳಿದವರು ಗೇಟಿನ ಮೇಲೆ ಸಾಲಾಗಿ ಕೂತರು.

“ಪೊಲೀಸರನ್ನ ಕರೀಬೇಕಾಗುತ್ತೆ, ಅಕ್ಕ,” ಎಂದರು ಸದಸ್ಯರು. “ಸರ್ಕಾರಿ ಕೆಲಸಕ್ಕೆ ಅಡ್ಡಿ. ನಿಮ್ಮ ವಯಸ್ಸಿಗೆ ಇದೆಲ್ಲ ಬೇಕಾ?”

“ಕರೀರಿ. ಬಂದವರ ಹತ್ರ ನಮ್ಮನ್ನ ಎಣಿಸಿ ಬರ್ಕೊಳ್ಳೋಕೆ ಹೇಳಿ. ಹೊತ್ತನ್ನೂ ಬರ್ಕೊಳ್ಳಲಿ.”

ಸದಸ್ಯರು ಮೇಸ್ತ್ರಿಯ ಕಡೆ ತಿರುಗಿದರು. “ಏನ್ ನೋಡ್ತಾ ನಿಂತಿದ್ದೀಯಾ? ಹಿಡಿದು ಎತ್ತಿ ಆಚೆ ಹಾಕಿ.”

ಮೇಸ್ತ್ರಿ ಗುಂಡಿಯೊಳಗೆ ನೋಡಿದ. ಗುಂಡಿಯ ಅಂಚಿನ ಮೇಲೆ ದೊಡ್ಡಕ್ಕನ ಎರಡು ಕೈಗಳಿದ್ದವು, ಬಿರುಕಿನಲ್ಲಿ ಹಸಿ ಮಣ್ಣು ತುಂಬಿಕೊಂಡಿತ್ತು. ಸಿಮೆಂಟು ತಿಂದ ಅವನ ಕೈಯೂ ಹಾಗೇ ಇತ್ತು.

“ನನಗೆ ಗೇಟು ಕೂರಿಸೋ ಕೂಲಿ ಮಾತಾಡಿರೋದು ಸಾರ್,” ಎಂದ. “ಜನರನ್ನ ಎತ್ತೋದಕ್ಕಲ್ಲ.”

ಆಳುಗಳಿಗೆ ಕಣ್ಣಲ್ಲೇ ಹೇಳಿದ. ಅವರು ಸಲಿಕೆ ಊರಿ ನಿಂತರು. ಮೇಸ್ತ್ರಿ ಹೋಗಿ ಬೆಂಚಿನ ಮೇಲೆ ಕೂತು ಬೀಡಿ ಹಚ್ಚಿದ.

ಸದಸ್ಯರು ಫೋನು ಕಿವಿಗಿಟ್ಟುಕೊಂಡು ಅತ್ತಿತ್ತ ಓಡಾಡತೊಡಗಿದರು. ನಾದಿನಿ ಊರುಗೋಲಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬಂದು ಅತ್ತಿಗೆಯ ಗುಂಡಿಯ ಪಕ್ಕ ನೆಲದ ಮೇಲೆ ಕೂತಳು. ಸಾಲಿನಿಂದ ಮುದುಕರು, ಸೇತುವೆಯ ಕಡೆಯಿಂದ ಮತ್ತೆ ನೀಲಿ ಅಂಗಿಗಳು. ದೂರದಲ್ಲಿ ಪೊಲೀಸರ ಜೀಪಿನ ಸದ್ದು ಕೇಳಿತು. ಯಾರೂ ಏಳಲಿಲ್ಲ.

ಬಿಸಿಲು ಏರಿತು. ತಗಡಿನ ಮೇಲೆ ಕಲಸಿಟ್ಟ ಕಾಂಕ್ರೀಟು ಅಂಚಿನಿಂದ ಬೆಳ್ಳಗಾಗುತ್ತ, ಸುರಿಯಲು ಬಾರದ ಹಾಗೆ ಗಟ್ಟಿಯಾಗತೊಡಗಿತು.