ಬಾಯಲ್ಲಿ ತೆರೆದ ಸಿಲಿಂಡರ್

ಅತ್ತಿಗೆ ಮಾಸ್ಕ್ ಕಿತ್ತೆಸೆಯಲು ಹೆಣಗುತ್ತಿದ್ದಳು. ನಾದಿನಿ ಪಟಾಕಿ ಅದನ್ನು ಎರಡೂ ಕೈಯಿಂದ ಅವಳ ಮುಖಕ್ಕೆ ಒತ್ತಿ ಹಿಡಿದಿದ್ದಳು.

"ತೆಗೀಬೇಡ ಅತ್ತಿಗೆ, ನನ್ನಾಣೆ ತೆಗೀಬೇಡ. ಗಾಳಿ ಬರ್ತಿದೆ, ಎಳ್ಕೋ. ನಿಧಾನಕ್ಕೆ ಎಳ್ಕೋ."

ಆಂಬುಲೆನ್ಸ್ ತಿರುವಿನಲ್ಲಿ ವಾಲಿತು. ಅತ್ತಿಗೆಯ ಉಗುರು ಅವಳ ಮಣಿಕಟ್ಟಿನಲ್ಲಿ ನಾಟಿತು. ಉಸಿರಾಡಲು ಕಷ್ಟಪಡುವವರು ಗಾಬರಿಯಲ್ಲಿ ಮಾಸ್ಕ್ ಕೀಳಲು ನೋಡುತ್ತಾರೆ, ಬಿಡಬಾರದು ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಹೇಳಿಕೊಟ್ಟದ್ದನ್ನು ಅವಳು ಚಾಚೂ ತಪ್ಪದೆ ಮಾಡುತ್ತಿದ್ದಳು.

ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂತು ಜೀವ ಹಿಡಿದಿಡುವವರನ್ನು ತಯಾರು ಮಾಡುವ ಎರಡು ವರ್ಷದ ಡಿಪ್ಲೊಮಾ ಅದು. ಪಟಾಕಿಯದು ಕೊನೆಯ ಸೆಮಿಸ್ಟರ್. ತರಬೇತಿಗೆಂದು ಗಾಡಿ ಹತ್ತುವ ವಿದ್ಯಾರ್ಥಿಗಳ ಜೊತೆ ಹಿರಿಯ ಸಹಾಯಕರೊಬ್ಬರು ಇರಲೇಬೇಕು. ಇಷ್ಟು ದಿನ ಅವಳೂ ಹಿರಿಯರ ಹಿಂದೆ, ಮೂಲೆಯಲ್ಲಿ ಬ್ಯಾಗ್ ಹಿಡಿದು ಕೂತವಳೇ. ಆದರೆ ಸಂಬಳದ ಜನರನ್ನು ಕಡಿಮೆ ಮಾಡಿದ ಮೇಲೆ ಆ ನಿಯಮ ಗೋಡೆಯ ಮೇಲಷ್ಟೇ ಉಳಿದಿತ್ತು. "ಹೆಂಗೂ ಕಲ್ತಿದೀಯಲ್ಲಮ್ಮ, ಹತ್ತು," ಎಂದಿದ್ದ ಆಂಬುಲೆನ್ಸ್ ಆಫೀಸಿನವನು. ಅಂದು ಅವಳು ಮೊದಲ ಸಲ ಒಬ್ಬಳೇ ಹತ್ತಿದ್ದಳು. ಗಾಡಿ ತಮ್ಮದೇ ಗಲ್ಲಿಗೆ ತಿರುಗಿ, ತಮ್ಮದೇ ಬಾಗಿಲೆದುರು ನಿಂತಾಗಲೇ ರೋಗಿ ಯಾರೆಂದು ಅವಳಿಗೆ ತಿಳಿದದ್ದು.

ಅಮ್ಮ ತೀರಿಕೊಂಡ ಮೇಲೆ ಅವಳ ತಲೆ ಬಾಚಿ, ಬೈದು, ಓದಿಸಿದವಳು ಈ ಅತ್ತಿಗೆ. ಸೋಪಿನ ಪುಡಿ ತುಂಬುವ ಶೆಡ್ಡಿನಲ್ಲಿ ದುಡಿದು ದುಡಿದು ಅತ್ತಿಗೆಯ ಎದೆ ಸುಂಯ್‌ಗುಡುವ ಹಳೇ ಹಾರ್ಮೋನಿಯಂ ಆಗಿತ್ತು. ಒಂದು ಮುಖಗವಸು ಕೊಡಲು ಕೈ ಬಾರದ ಮಾಲೀಕ, ಕೆಮ್ಮಿದವರನ್ನು ಹೊರಗೆ ಕಳಿಸಲು ಮಾತ್ರ ತಡ ಮಾಡುತ್ತಿರಲಿಲ್ಲ.

ಅತ್ತಿಗೆಯ ತುಟಿ ನೀಲಿಗೆ ತಿರುಗಿತು. ಹಿಡಿದ ಕೈ ಸಡಿಲಾಯಿತು.

ಆಗ ಪಟಾಕಿಯ ಕಣ್ಣು ಮಾಸ್ಕಿನ ಕೆಳಗೆ ಜೋತಿದ್ದ ಚೀಲದ ಮೇಲೆ ಬಿತ್ತು. ಆಕ್ಸಿಜನ್ ತುಂಬಿ ಬಲೂನಿನಂತೆ ಉಬ್ಬಿರಬೇಕಿದ್ದ ಚೀಲ, ಹಿಂಡಿ ಒಗೆದ ಕಾಲುಚೀಲದಂತೆ ಮುದುಡಿಕೊಂಡಿತ್ತು. ಪೈಪಿನಲ್ಲಿ ಸದ್ದಿಲ್ಲ. ಸಿಲಿಂಡರ್ ಮುಚ್ಚಿತ್ತು.

ಅವಳು ಅದನ್ನು ತೆರೆದೇ ಇರಲಿಲ್ಲ.

ಮುಟ್ಟಿದ್ದಳು. ಮುಟ್ಟಿ, "ಆಕ್ಸಿಜನ್ ಆನ್!" ಎಂದು ಕೂಗಿಯೂ ಇದ್ದಳು. ಮುಂದಿನಿಂದ ಡ್ರೈವರ್, "ಭೇಷ್! ನಿಮ್ಮತ್ತಿಗೆಗೆ ಇನ್ನೇನೂ ಭಯ ಇಲ್ಲ ಬಿಡು," ಎಂದಿದ್ದ. ಗಾಳಿಯಿಲ್ಲದ ಪ್ಲಾಸ್ಟಿಕ್ಕನ್ನು ತಾಯಿಯಂಥವಳ ಮುಖಕ್ಕೆ ಅಮುಕಿ, ಗಾಳಿ ಎಳ್ಕೋ ಎಂದು ಅವಳು ಗೋಗರೆಯುತ್ತಿದ್ದಳು.

ಸಿಲಿಂಡರಿನ ತಲೆಯ ಮೇಲಿನ ಕೀಲಿ ತಿರುಗಿಸಿದಳು. ಬುಸ್ಸೆಂದು ಗಾಳಿ ನುಗ್ಗಿ ಚೀಲ ಉಬ್ಬಿತು.

ಅತ್ತಿಗೆ ಉಳಿದಳು. ವಾರ್ಡಿನಲ್ಲಿ ಅಣ್ಣ ಸಿಕ್ಕಸಿಕ್ಕವರಿಗೆಲ್ಲ ತಂಗಿಯನ್ನು ತೋರಿಸಿದ. "ಇವಳಿಲ್ದೇ ಇದ್ರೆ ಇವತ್ತು ನನ್ನ ಹೆಂಡ್ತಿ ಇರ್ತಿರ್ಲಿಲ್ಲ."

ಅತ್ತಿಗೆ ಒಡಕು ದನಿಯಲ್ಲಿ ನಕ್ಕಳು. "ಯಾಕೇ ಹಾಗೆ ಅಮುಕಿದೆ? ಯಾವತ್ತಿನ ಸೇಡೋ ತೀರಿಸ್ಕೊಳ್ತಿದೀಯ ಅನ್ಕೊಂಡೆ."

ಪಟಾಕಿಯ ಬಾಯಿಂದ ಮಾತು ಹೊರಡಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುತ್ತಾಳೆಂದೇ ಅವಳಿಗೆ ಆ ಹೆಸರು ಬಿದ್ದಿತ್ತು.

ಮರುದಿನ ಬೆಳಿಗ್ಗೆ ಕಾಲೇಜಿನ ಅಭ್ಯಾಸದ ಕೋಣೆಯಲ್ಲಿ ಮೇಷ್ಟ್ರು ಇನ್ನೂ ಹಾಜರಿ ಕೂಗುತ್ತಿದ್ದಾಗಲೇ ಪಟಾಕಿ ಎದ್ದು ನಿಂತಳು. ನಡೆದದ್ದನ್ನೆಲ್ಲ ಹೇಳಿದಳು. ಹಿಂದಿನ ಬೆಂಚಿನಿಂದ ಒಬ್ಬಳು, "ಪಟಾಕಿ ಠುಸ್ಸಾಯ್ತಾ?" ಎಂದು ನಕ್ಕಳು. ಯಾರೂ ಜೊತೆ ನಗಲಿಲ್ಲ.

"ಗಾಬರೀಲಿ ಆಗುತ್ತಮ್ಮ," ಎಂದರು ಮೇಷ್ಟ್ರು. "ನಿಂಗೆ ಬರುತ್ತೆ. ಪ್ರತಿ ಸಲಾನೂ ಪೂರ್ತಿ ಅಂಕ ಕೊಟ್ಟಿದೀನಲ್ಲ."

"ಯಾವುದಕ್ಕೆ ಕೊಟ್ರಿ ಸರ್?" ಅವಳು ಮೂಲೆಯ ಸಿಲಿಂಡರಿನ ಕಡೆ ಕೈ ತೋರಿಸಿದಳು. "ನಾವು ಸೇರಿದಾಗಿಂದ ಅದು ಖಾಲಿ. ಕೀಲಿ ಕಳೆದು ಹೋಗುತ್ತೆ ಅಂತ ಸ್ಟೋರಲ್ಲಿಟ್ಟಿದೀರಿ. ಮುಟ್ಟಿ ಬಾಯಲ್ಲಿ ಹೇಳಿದ್ರೆ ಸಾಕು ಅಂದ್ರಿ. ಹೇಳ್ದೆ. ನಿನ್ನೇನೂ ಹೇಳ್ದೆ! ನನ್ನ ಕೈಗೆ ಅಷ್ಟೇ ಗೊತ್ತಿರೋದು ಸರ್. ಮುಟ್ಟೋದು, ಕೂಗೋದು."

ಮೇಷ್ಟ್ರು ಕನ್ನಡಕ ತೆಗೆದರು. ಆಕ್ಸಿಜನ್ ತುಂಬಿಸಿಕೊಡಿ ಎಂದು ಅವರೂ ಮೇಲಿನವರ ಬಾಗಿಲು ಬಡಿದವರೇ. ಬಾಗಿಲು ತೆರೆಯಲಿಲ್ಲವೆಂದು ಸುಮ್ಮನಾದವರೂ ಹೌದು. ಹೊರಗೆ ಕಾಲೇಜಿನ ಕಮಾನಿಗೆ ಮಾತ್ರ ಹೊಸ ಗ್ರಾನೈಟು ಬಂದಿತ್ತು.

"ಎಲ್ಲಾ ಬ್ಯಾಚಿಗೂ..." ಎಂದು ಶುರು ಮಾಡಿದ ಅವರು ಮುಂದಿನ ಮಾತನ್ನು ನುಂಗಿಕೊಂಡರು. ಈ ಕೋಣೆಯಿಂದ ಹೊರಬಿದ್ದವರು ಇವತ್ತು ಎಷ್ಟೆಷ್ಟು ಗಾಡಿಗಳಲ್ಲಿ ಕೂತಿದ್ದಾರೋ ಎಂಬ ಯೋಚನೆ ಅವರ ಮುಖದ ಬಣ್ಣ ಬದಲಿಸಿತು.

ಕಿಟಕಿಯ ಪಕ್ಕದ ಬೆಂಚಿನಿಂದ ಉದ್ದಣ್ಣ ಎದ್ದ. ತರಗತಿಯಲ್ಲೇ ಎತ್ತರದವನು. ಹೋದ ತಿಂಗಳು ಅವನನ್ನೂ ಒಬ್ಬನೇ ಕಳಿಸಿದ್ದರು.

"ಪಟಾಕಿ, ಆ ಚೀಲ... ಅದು ಉಬ್ಬಲೇಬೇಕಾ?"

"ಹೌದು ಕಣೋ."

"ನನ್ನ ಗಾಡೀಲಿ ಒಬ್ರು ತಾತ ಇದ್ರು." ಅವನ ದನಿ ಬಾವಿಯೊಳಗಿಂದ ಬಂದಂತಿತ್ತು. "ಚೀಲ ಉಬ್ಬಿರ್ಲಿಲ್ಲ. ಹಾಗೇ ಇರುತ್ತೆ ಅನ್ಕೊಂಡೆ. ಆಸ್ಪತ್ರೆ ಮುಟ್ಟೋ ಹೊತ್ತಿಗೆ ಹೋಗ್ಬಿಟ್ಟಿದ್ರು. ವಯಸ್ಸಾಗಿತ್ತು, ನಿಂದೇನೂ ತಪ್ಪಿಲ್ಲ ಅಂತ ಅವ್ರ ಮಗಳು ನನ್ನ ಕೈ ಹಿಡ್ಕೊಂಡು ಸಮಾಧಾನ ಮಾಡಿದ್ರು. ನಂಗೇ ಸಮಾಧಾನ ಮಾಡಿದ್ರು!"

ಹಿಂದಿನ ಬೆಂಚಿನಲ್ಲಿ ನಕ್ಕಿದ್ದವಳು ತನ್ನೆರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಯಾರದೋ ಕೈಗಳೆಂಬಂತೆ ನೋಡುತ್ತಿದ್ದಳು.

ಮೇಷ್ಟ್ರು ಬಾಗಿಲು ಮುಚ್ಚಲು ಹೊರಟರು. "ಮೆತ್ತಗೆ ಮಾತಾಡ್ರಪ್ಪ. ಪ್ರಿನ್ಸಿಪಾಲರ ಹತ್ರ ನಾನೇ ಮಾತಾಡ್ತೀನಿ. ಈ ವಿಷಯ ಆಚೆ ಹೋದ್ರೆ ನಿಮ್ಮ ಡಿಪ್ಲೊಮಾ, ನಿಮ್ಮ ಕೆಲಸ..."

"ಬಾಗ್ಲು ಬಿಡಿ ಸರ್."

ಪಟಾಕಿ ಬೆಂಚು ದಾಟಿ ಬಂದು ಉದ್ದಣ್ಣನ ತೋಳು ಹಿಡಿದಳು.

"ಮೊದ್ಲು ನಮ್ಮತ್ತಿಗೆಗೆ ಹೇಳ್ತೀನಿ," ಎಂದಳು. "ನೀನೂ ಬಾ. ಆಮೇಲೆ ಆ ತಾತನ ಮನೆಗೆ ನಾನೂ ಬರ್ತೀನಿ."

"ಅವ್ರ ಮಗಳಿಗೆ ಏನಂತ ಹೇಳ್ಲೇ?"

ಪಟಾಕಿ ಅವನ ತೋಳು ಬಿಡದೆ ಬಾಗಿಲಿನತ್ತ ಹೊರಟಳು. ಹಿಂದೆ ಒಂದು ಬೆಂಚು ಸರಿದ ಸದ್ದಾಯಿತು, ಇನ್ನೊಂದು, ಮತ್ತೊಂದು.