ಶೆಡ್ಡಿನ ಕಾಲದ ಕೂಗು

"ಇಷ್ಟು ದುಡ್ಡು ಸುರಿದು ಸಾಫ್ಟ್‌ವೇರ್ ತಗೊಂಡು ಏನ್ ಮಾಡ್ಬೇಕಮ್ಮ? ಇಷ್ಟು ವರ್ಷ ಅದಿಲ್ದೇನೇ ಔಷಧಿ ಮಾಡಿದ್ವಲ್ಲ, ಯಾರಿಗಾದ್ರೂ ಏನಾದ್ರೂ ಆಯ್ತಾ?" ಯಜಮಾನರು ಅವಳು ಮುಂದಿಟ್ಟ ಕಾಗದಗಳನ್ನು ಕನ್ನಡಕದ ಮೇಲಿಂದಲೇ ನೋಡಿ ಪಕ್ಕಕ್ಕೆ ಸರಿಸಿದರು.

"ಹೋದ ವಾರ ಆಗ್ತಿತ್ತಲ್ಲ ಸರ್."

"ಆಗ್ಲಿಲ್ವಲ್ಲ!"

ಆಗಲಿಲ್ಲ, ನಿಜ. ಅದು ಯಾರ ಪುಣ್ಯವೋ ಏನೋ. ಮಕ್ಕಳ ಕೆಮ್ಮಿನ ಸಿರಪ್ಪಿನ ಒಂದು ಬ್ಯಾಚಿಗೆ ಮುಚ್ಚಳ ಸರಿಯಾಗಿ ಕೂತಿಲ್ಲವೆಂದು, ಕಾರ್ಖಾನೆಯ ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾದ ಅವಳೇ ತಡೆ ಹಾಕಿದ್ದಳು. ತಡೆಯ ಕಾಗದ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಅಲೆದು, ಮೇಜು ಮೇಜಿನ ಮೇಲೂ ಸಹಿಗೆ ಕಾದು, ಗೋದಾಮು ಮುಟ್ಟುವಷ್ಟರಲ್ಲಿ ಲಾರಿ ಹೊರಟೇ ಹೋಗಿತ್ತು. ದಾರಿಯಲ್ಲಿ ಟೈರು ಪಂಕ್ಚರಾಗಿ ನಿಂತಿದ್ದರಿಂದ ಮಾಲು ವಾಪಸು ಬಂತು. ಪ್ರತಿ ಸಲವೂ ಟೈರು ಪಂಕ್ಚರಾಗುತ್ತದೆಯೇ?

"ಇದಿದ್ರೆ ನಾನು ತಡೆ ಹಾಕಿದ ಕೂಡ್ಲೇ ಗೋದಾಮಿನಲ್ಲಿ ಬಿಲ್ಲೇ ಬರಲ್ಲ. ಬಿಲ್ಲಿಲ್ಲ ಅಂದ್ರೆ ಲಾರಿ ಗೇಟು ದಾಟಲ್ಲ."

"ನಮ್ಮ ಕಾಲದಲ್ಲಿ ನನ್ನ ಬಾಯೇ ಸಾಕಾಗಿತ್ತು ಕಣೆ," ಎಂದು ಯಜಮಾನರು ನಕ್ಕರು.

ಅವಳಿಗೂ ನಗು ಬಂತು. ಸಾಕಾಗಿತ್ತು, ಸುಳ್ಳಲ್ಲ. ಯಜಮಾನರು ಅವಳ ಸೋದರಮಾವ. ಆಗ ಕಾರ್ಖಾನೆಯೆಂದರೆ ತಗಡಿನ ಒಂದೇ ಒಂದು ಶೆಡ್ಡು. ಶಾಲೆ ಬಿಟ್ಟವಳೇ ಅಲ್ಲಿಗೆ ಓಡಿ, ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಕುದಿಯುವ ಸಕ್ಕರೆ ಪಾಕದ ಘಮ ಪುಸ್ತಕಕ್ಕೆಲ್ಲ ಅಂಟಿ, ರಾತ್ರಿ ಇರುವೆಗಳು ಅವಳ ಚೀಲ ಹುಡುಕಿಕೊಂಡು ಬರುತ್ತಿದ್ದವು. ಮುಚ್ಚಳ ತಿರುಗಿಸುವುದರಲ್ಲಿ ಎತ್ತಿದ ಕೈಯೆನಿಸಿದ್ದ ಒಬ್ಬರನ್ನು ಎಲ್ಲರೂ ಮುಚ್ಚಳದಕ್ಕ ಎಂದೇ ಕರೆಯುತ್ತಿದ್ದರು. ಮಾವ ಶೀಷೆಯೊಂದನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರೆಂದರೆ ಮುಗಿಯಿತು, "ನಿಲ್ಸೀ!" ಆ ಕೂಗು ಬಿದ್ದೊಡನೆ ಎಲ್ಲರೂ ಕೆಲಸ ಬಿಟ್ಟು ಎರಡೂ ಕೈ ಮೇಲೆತ್ತಬೇಕು. ಅದು ಶೆಡ್ಡಿನ ಕಾನೂನು. ಅವಳೂ ಪೆನ್ಸಿಲ್ ಹಿಡಿದ ಕೈ ಎತ್ತುತ್ತಿದ್ದಳು. "ನೀನ್ಯಾಕೆ ಎತ್ತಿದೆ, ನಿನ್ನ ಲೆಕ್ಕವೂ ತಪ್ಪಾಯ್ತಾ?" ಎಂದು ಮಾವ ಕಿಚಾಯಿಸಿದರೆ ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು. ಎಂಥ ದಿನಗಳಪ್ಪಾ ಅವು!

"ಮಾವ," ಎಂದಳು. ಕಚೇರಿಯಲ್ಲಿ ಹಾಗೆ ಕರೆದದ್ದೇ ಇಲ್ಲ. "ಒಂದ್ಸಲ ಪ್ಯಾಕಿಂಗ್ ಹಾಲ್‌ಗೆ ಬಂದು ಕೂಗಿ. ಬೆಲ್ಟ್ ನಿಂತ್ರೆ ನಾನಿನ್ನು ಸಾಫ್ಟ್‌ವೇರ್ ಸುದ್ದಿನೇ ಎತ್ತಲ್ಲ."

"ಆಮೇಲೆ ಮಾತು ತಪ್ಪಬಾರ್ದು ನೋಡು!" ಎಂದು ಅವರು ಹುರುಪಿನಿಂದ ಎದ್ದರು. ಅವಳು ಕಾಗದಗಳನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದೆಯೇ ನಡೆದಳು.

ಹಾಲಿನೊಳಗೆ ಯಂತ್ರಗಳ ಗದ್ದಲ. ಕೆಲಸಗಾರರೆಲ್ಲ ಕಿವಿಗೆ ರಬ್ಬರ್ ಬಿರಡೆ ಸಿಕ್ಕಿಸಿಕೊಂಡಿದ್ದರು. ಮಾವ ಎದೆ ಸೆಟೆಸಿ ನಿಂತು ಕೂಗಿದರು, "ನಿಲ್ಸೀ!"

ಪಕ್ಕದಲ್ಲಿದ್ದ ಅವಳಿಗೇ ಅರೆಬರೆ ಕೇಳಿಸಿತು. ಶೀಷೆಗಳನ್ನು ಹೊತ್ತ ಬೆಲ್ಟು ತನ್ನ ಪಾಡಿಗೆ ತಾನು ಓಡುತ್ತಿತ್ತು. ಮತ್ತೊಮ್ಮೆ ಗಂಟಲು ಹರಿಯುವಂತೆ ಕೂಗಿದರು, ಕೆಮ್ಮು ಒತ್ತರಿಸಿ ಬಂತು. ಗೆದ್ದೆನೆಂದು ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇವರನ್ನು ಇಲ್ಲಿಗೆ ಕರೆತರಬಾರದಿತ್ತು ಅನ್ನಿಸಿತು.

"ಕೊಡು ಇಲ್ಲಿ," ಎಂದು ಮಾವ ಅವಳ ಕಿವಿಯ ಬಳಿ ಬಗ್ಗಿ ಹೇಳಿ, ಕಾಗದವನ್ನು ಗೋಡೆಗೊತ್ತಿ ಹಿಡಿದು ಸಹಿ ಹಾಕಿದರು. ಪೆನ್ನನ್ನು ಜೇಬಿಗೆ ಸಿಕ್ಕಿಸಲು ಹೋದವರು ಹಾಗೆಯೇ ನಿಂತುಬಿಟ್ಟರು.

ಅವರು ನೋಡುತ್ತಿದ್ದ ಕಡೆ ಅವಳೂ ನೋಡಿದಳು. ಬೆಲ್ಟಿನ ಆ ತುದಿಯಲ್ಲಿ ಮುಚ್ಚಳದಕ್ಕ ಇದ್ದರು. ಕೂಗು ಕೇಳಿಸಿರಲಾರದು, ಮಾವ ಬಾಯಿ ತೆರೆದದ್ದು ಕಂಡಿರಬೇಕು. ಮಾವನತ್ತಲೇ ನೋಡುತ್ತಾ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಅವರ ಮುಂದಿನಿಂದ ಶೀಷೆಗಳು ಒಂದರ ಹಿಂದೊಂದು ಸಾಗಿಹೋಗುತ್ತಲೇ ಇದ್ದವು.